ಸಮುದ್ರಕ್ಕೆ ಕಟ್ಟಿಕೊಟ್ಟ ಕೋಲು

ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿನ ಹಿಂದೆ ಮೂವತ್ತೆಂಟು ವರ್ಷ ಗಾಳದ ಅಂಗಡಿ ಇಟ್ಟವನು ನಾನು. ಬೋರ್ಡು ಬರೆಸಿರಲಿಲ್ಲ. ಬಾಗಿಲಿಗೆ ಒಂದು ಬಿದಿರು ಕೋಲು ಆನಿಸಿ ಇಡುತ್ತಿದ್ದೆ, ಅದೇ ಬೋರ್ಡು. ಕೋಲು ಹೊರಗಿದ್ದರೆ ಹುಲುಗಪ್ಪ ಒಳಗಿದ್ದಾನೆ ಎಂದು ಹಡಗಲಿಯಿಂದ ಹರಪನಹಳ್ಳಿಯವರೆಗೆ ಮೀನು ಹಿಡಿಯುವವರಿಗೆಲ್ಲ ಗೊತ್ತಿತ್ತು. ಈಗ ಕಣ್ಣು ಮಂಜು, ಗಂಟು ಹಾಕುವಾಗ ಕೈ ನಡುಗುತ್ತದೆ. ಅಂಗಡಿಯನ್ನು ನನ್ನ ತಂಗಿಯ ಮಗಳು ರೇಣುಕಾ ನೋಡಿಕೊಳ್ಳುತ್ತಾಳೆ. "ಮಾಮಾ, ನೀ ಬಾಯಾಗ ಹೇಳಿದ್ದು ನನಗ ನೆನಪಿರಂಗಿಲ್ಲ. ಬರದು ಕೊಡು" ಅಂದಳು. ನಾನು ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರ ಅವಳು ತಿದ್ದಿದ್ದಾಳೆ, ಮಾತು ನನ್ನದೇ.

ಯಾವ ಮೀನಿಗೆ ಎಷ್ಟು ನಂಬರಿನ ಗಾಳ, ಎಷ್ಟು ತೂಕದ ಸೀಸ ಎಂದು ಬರೆಯಲು ಕುಳಿತೆ. ಎರಡು ಪುಟ ಆದ ಮೇಲೆ ನಿಲ್ಲಿಸಿದೆ. ಅದನ್ನು ನನಗಿಂತ ಚೆನ್ನಾಗಿ ಈಗ ಫೋನು ಹೇಳುತ್ತದೆ. ಫೋನಿಗೆ ಗೊತ್ತಿಲ್ಲದ್ದು ಒಂದಿದೆ. ಪರದೇಶದ ಸಮುದ್ರಕ್ಕೆ ಮೀನು ಹಿಡಿಯಲು ಹೊರಟ ಒಬ್ಬರಿಗೆ ನಾನು ಕೋಲು, ರೀಲು, ದಾರ ಆರಿಸಿ ಕೊಟ್ಟೆ. ಅವರ ಬಲಗೈಯ ತೋರುಬೆರಳು ಇವತ್ತಿಗೂ ಮಡಚುವುದಿಲ್ಲ. ಅದು ನನ್ನಿಂದ ಆದದ್ದು ಎಂದು ಹನ್ನೊಂದು ವರ್ಷ ಯಾರ ಮುಂದೆಯೂ ನಾನು ಹೇಳಲಿಲ್ಲ. ಈ ಕಸುಬಿಗೆ ಬರುವವರಿಗೆ ನಾನು ಕೊಡಬಹುದಾದದ್ದು ಇಷ್ಟೇ, ಆ ಕತೆ.

ನಮ್ಮದು ಹಡಗಲಿ ತಾಲ್ಲೂಕಿನ ಮಾಗಳ. ಹೊಳೆಯ ದಂಡೆ. ಅಪ್ಪ ಬಲೆ ಹೆಣೆಯುತ್ತಿದ್ದ. ಆಗ ನೂಲಿನ ಬಲೆ. ತಂಗಡಿ ಗಿಡದ ಚಕ್ಕೆ ಕುದಿಸಿದ ನೀರಿನಲ್ಲಿ ಅದ್ದಿ ಒಣಗಿಸಬೇಕು, ಇಲ್ಲದಿದ್ದರೆ ಒಂದು ಮಳೆಗಾಲಕ್ಕೆ ಕೊಳೆತು ಹೋಗುತ್ತಿತ್ತು. ಆ ಕಷಾಯದ ಕೆಂಪು ನನ್ನ ಉಗುರಲ್ಲಿ ಇರುತ್ತಿತ್ತು. ಶಾಲೆಯಲ್ಲಿ ಮೇಷ್ಟ್ರು ಕೈ ತೊಳೆದು ಬಾ ಎಂದು ದಿನಾ ಹೊರಗೆ ಕಳಿಸುತ್ತಿದ್ದರು. ಒಂದು ದಿನ ಕೈ ತೊಳೆಯಲು ಹೋದವನು ವಾಪಸು ಹೋಗಲಿಲ್ಲ. ಅಷ್ಟೇ ನನ್ನ ಓದು.

ಹಗರಿಬೊಮ್ಮನಹಳ್ಳಿಯಲ್ಲಿ ಖಾಸಿಂ ಸಾಬರು ಎಂಬವರಿದ್ದರು. ಕೊಡೆ, ಸ್ಟೋವು, ಬ್ಯಾಟರಿ ರಿಪೇರಿ ಮಾಡುತ್ತಿದ್ದರು. ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಗಾಳ ಇಟ್ಟು ಮಾರುತ್ತಿದ್ದರು. ಅವರ ಕೈಕೆಳಗೆ ಎಂಟು ವರ್ಷ ಕೆಲಸ ಕಲಿತೆ. ಗಾಳಕ್ಕೆ ತಂಗೂಸಿ, ಅಂದರೆ ನೈಲಾನ್ ದಾರ, ಕಟ್ಟುವ ಏಳು ಸುತ್ತಿನ ಗಂಟು ಅವರು ಹೇಳಿಕೊಟ್ಟದ್ದು. ಅವರ ಎಲ್ಲ ಗುಣವೂ ನನಗೆ ಹಿಡಿಸಿತು, ಒಂದನ್ನು ಬಿಟ್ಟು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದುಬಿಡುತ್ತಿದ್ದರು.

ಹರಪನಹಳ್ಳಿಯಿಂದ ಒಬ್ಬ ಅಧಿಕಾರಿ ಫಾರಿನ್ ರೀಲು ತಂದರು. ರೀಲು ಅಂದರೆ ಕೋಲಿಗೆ ಕೂರಿಸುವ ದಾರದ ಗಿರಕಿ. ಅಂಥದ್ದನ್ನು ನಾನು ಮೊದಲ ಸಲ ನೋಡಿದ್ದು. ಸಾಬರು ಅದನ್ನು ತಿರುಗಿಸಿದರು, ಕಿವಿಗೆ ಹಿಡಿದರು, ವಾಪಸು ಕೊಟ್ಟರು.

"ಇದು ನಾ ಕಂಡಿದ್ದಲ್ಲ ಸಾಹೇಬ್ರ. ಬಿಚ್ಚಿದ್ರ ಕೆಡಸ್ತೀನಿ. ಬ್ಯಾರೆ ಕಡಿ ತೋರಿಸ್ರಿ."

ಅಧಿಕಾರಿ ಹೋದರು. ನನಗೆ ತಲೆ ತಗ್ಗಿಸುವಂತಾಯಿತು.

"ಉಸ್ತಾದ್, ನಾ ಬಿಚ್ಚತಿದ್ದೆ ಅದನ್ನ."

"ಬಿಚ್ಚತಿದ್ದಿ ಬೇಟಾ. ಅದೇ ಅಂಜಿಕಿ ನನಗ" ಅಂದರು, ಸ್ಟೋವಿನ ಪಿನ್ನು ಹುಡುಕುತ್ತ.

ನನ್ನದೇ ಅಂಗಡಿ ಹಾಕಿದ ದಿನ ಒಂದು ಹಟ ಹಿಡಿದೆ. ಇಲ್ಲಿಗೆ ಬಂದವರು ಯಾರೂ 'ಗೊತ್ತಿಲ್ಲ' ಎಂಬ ಮಾತು ಕೇಳಿ ವಾಪಸು ಹೋಗಬಾರದು.

ಆ ಹಟ ಬಹಳ ವರ್ಷ ನನ್ನನ್ನು ಕಾಪಾಡಿತು ಅಂತಲೂ ಹೇಳಬೇಕು. ಗುಡೇಕೋಟೆಯ ಒಬ್ಬ ಕುರಿಗಾಹಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದ. ಅವನ ಊರಿನ ಸುತ್ತ ಗುಡ್ಡ, ಮೀನಿನ ಮಾತೇ ಇಲ್ಲ.

"ಕೊಡ ಬಾವ್ಯಾಗ ಬಿದ್ದೈತಣ್ಣ. ಅತ್ತಿ ಮನಿ ಕೊಡ. ಹೆಂಡ್ತಿ ಮನಿಯಾಗ ಕರಕೊಳ್ಳವಲ್ಲಳು."

"ಗಾಳದಂಗಡಿಗೆ ಯಾಕ ಬಂದಿ?"

"ನಿನಗ ಹಿಡಿಯಾಕ ಬರ್ತೈತಂತಲ್ಲ. ಮೀನಾದ್ರೇನು, ಕೊಡ ಆದ್ರೇನು?"

ನಗುತ್ತಲೇ ಆರು ದೊಡ್ಡ ಗಾಳಗಳನ್ನು ಒಂದು ಕಬ್ಬಿಣದ ಬಳೆಗೆ ಕಟ್ಟಿ ಪಾತಾಳಗರಡಿ ಮಾಡಿಕೊಟ್ಟೆ. ವಾರದ ಮೇಲೆ ಬಂದು, ತನ್ನ ಕೊಡದ ಜೊತೆಗೆ ಊರಿನವರ ಮೂರು ಕೊಡ ಮೇಲೆ ಬಂದವು ಅಂದ. ಒಂದು ಗಿಂಡಿ ಕುರಿಹಾಲು ತಂದಿದ್ದ. ಇಂಥವು ನಾಲ್ಕು ನಡೆದರೆ ಸಾಕು, ಮನುಷ್ಯನಿಗೆ ತನ್ನ ಕೈಯ ಮೇಲೆ ಅತಿ ನಂಬಿಕೆ ಬರುತ್ತದೆ.

ಈಗ ನಮ್ಮ ನೀರಿನ ಸಂಗತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹೊಳೆಗೆ ಕಟ್ಟಿದ ಡ್ಯಾಮಿನ ಹಿನ್ನೀರು ಹೊರಗಿಂದ ನೋಡಿದರೆ ಬಯಲು. ಒಳಗೆ ಹಾಗಲ್ಲ. ಕೆಳಗೆ ಮುಳುಗಿದ ಊರುಗಳ ಗೋಡೆಗಳಿವೆ, ಕಡಿದುಬಿಟ್ಟ ಹುಣಸೆ ಬೇವಿನ ಬೊಡ್ಡೆಗಳಿವೆ. ಗಾಳ ಕಚ್ಚಿದ ಮೀನು ಸೀದಾ ಅಲ್ಲಿಗೇ ಓಡುತ್ತದೆ. ಹತ್ತು ಮೊಳ ಓಡಲು ಬಿಟ್ಟಿರೋ, ಬೊಡ್ಡೆಗೆ ದಾರ ಸುತ್ತಿ ಹರಿದುಕೊಂಡು ಹೋಗುತ್ತದೆ. ಅದಕ್ಕೆ ನಮ್ಮವರು ಮೀನಿಗೆ ಒಂದು ಗೇಣೂ ದಾರ ಬಿಡುವುದಿಲ್ಲ. ಕಚ್ಚಿದ ಕೂಡಲೇ ಜಗ್ಗಿ ಎತ್ತುವುದೇ.

ಕಂಪನಿಯಿಂದ ಬರುವ ರೀಲಿಗೆ ಒಂದು ಬ್ರೇಕು ಇರುತ್ತದೆ. ಮೀನು ಬಲವಾಗಿ ಎಳೆದರೆ ಅದು ಜಾರಿ ದಾರ ಬಿಡುತ್ತದೆ. ನಮ್ಮ ನೀರಿಗೆ ಅದೇ ತೊಂದರೆ. ನಾನು ರೀಲು ಬಿಚ್ಚಿ, ಬ್ರೇಕಿನ ಬಿಲ್ಲೆಗಳ ನಡುವೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಒಂದು ವಾಷರ್ ಕೂರಿಸುತ್ತಿದ್ದೆ. ಆಮೇಲೆ ಎತ್ತು ಎಳೆದರೂ ಜಾರುವುದಿಲ್ಲ. ಗುರುತಿಗೆ ವಾಷರಿನ ಅಂಚಿಗೆ ಮೂರು ಕಚ್ಚು ಹಾಕುತ್ತಿದ್ದೆ. 'ಹುಲುಗಪ್ಪನ ಬಿಗಿ' ಎಂದು ಅದಕ್ಕೆ ಹೆಸರು ಬಿತ್ತು. ನನ್ನ ಅಂಗಡಿಯಿಂದ ಹೊರಗೆ ಹೋದ ಯಾವ ರೀಲೂ ಅದಿಲ್ಲದೆ ಹೋಗಲಿಲ್ಲ. ಈ ನೀರಿಗೆ ಅದು ಸರಿಯೇ. ಇವತ್ತೂ ಸರಿ ಅನ್ನುತ್ತೇನೆ.

ಕೊಟ್ರಬಸಪ್ಪ ಸಾವ್ಕಾರರು ನನ್ನ ಗಿರಾಕಿಗಳಲ್ಲೇ ಬೇರೆ ತರದವರು. ಕೊಟ್ಟೂರಲ್ಲಿ ಬಿತ್ತನೆ ಬೀಜದ ಅಂಗಡಿ. ಲಿಂಗ ಕಟ್ಟಿದ ಮನೆತನ, ಮನೆಯಲ್ಲಿ ಮೀನಿನ ಹೆಸರೂ ಎತ್ತುವಂತಿಲ್ಲ. ಆದರೆ ವಾರಕ್ಕೊಂದು ದಿನ, ಅಂಗಡಿಯ ರಜೆಗೆ, ಕೊಟ್ಟೂರಿನಿಂದ ಬಸ್ಸು ಹತ್ತಿ ನನ್ನಲ್ಲಿಗೆ ಬರುವರು. ಅವರ ಕೋಲುಗಳು ನನ್ನ ಅಟ್ಟದ ಮೇಲೆಯೇ ಇರುತ್ತಿದ್ದವು. ರೊಟ್ಟಿ, ಶೇಂಗಾಪುಡಿ ಕಟ್ಟಿಕೊಂಡು ಹಿನ್ನೀರಿಗೆ ಹೋಗಿ ದಿನವೆಲ್ಲ ಕೂತು, ಹಿಡಿದ ಮೀನನ್ನೆಲ್ಲ ಗಾಳ ಬಿಡಿಸಿ ವಾಪಸು ನೀರಿಗೆ ಬಿಡುವರು. ಸಂಜೆ ನನ್ನ ಅಂಗಡಿಯಲ್ಲಿ ಸೋಪು ಹಚ್ಚಿ ಮೂರು ಸಲ ಕೈ ತೊಳೆದು, ಮೂಸಿ ನೋಡಿ, ನನಗೂ ಮೂಸಿಸಿ, ಊರಿಗೆ ಹೋಗುವರು.

ಕೊಟ್ಟೂರಿನ ಕಡೆಯವರಲ್ಲಿ ಆ ಬಸ್ಸಿನ ಕಂಡಕ್ಟರ್ ಯಂಕೋಬಿಗೆ ಮಾತ್ರ ಈ ಗುಟ್ಟು ಗೊತ್ತು. ಅವನೂ ಗಾಳ ಹಾಕುವವನೇ.

"ಸಾವ್ಕಾರ್ರ, ತಿನ್ನಂಗಿಲ್ಲ, ಮಾರಂಗಿಲ್ಲ. ಮೀನಾರ ಏನ್ ತಿಳ್ಕಬೇಕು?"

"ನಾ ಮಾತಾಡಿಸಾಕ ಹಿಡೀತೀನಲೇ. ನಿನ್ನಂಗ ಹುಳಿ ಕಾಸಾಕಲ್ಲ."

ಒಂದು ಶ್ರಾವಣ. ಸಾವ್ಕಾರರು ಕೈಯಲ್ಲಿ ಒಂದು ಬಣ್ಣದ ಕಾಗದ ಹಿಡಿದು ಬಂದರು. ಮೆಕ್ಕೆಜೋಳದ ಬೀಜ ಹೆಚ್ಚು ಮಾರಿದ ಡೀಲರುಗಳನ್ನು ಕಂಪನಿಯವರು ಮಾಲ್ಡೀವ್ಸಿಗೆ ಕರೆದುಕೊಂಡು ಹೋಗುತ್ತಾರಂತೆ. ನಾಲ್ಕು ದಿನ. ಅದರಲ್ಲಿ ಒಂದು ದಿನ ದೋಣಿಯಲ್ಲಿ ಸಮುದ್ರದ ಮೀನು ಹಿಡಿಯುವುದು. ಸಾವ್ಕಾರರ ಕಣ್ಣು ನೋಡಬೇಕಿತ್ತು. ಐವತ್ತೆಂಟರ ಮನುಷ್ಯ ಹುಡುಗನಾಗಿದ್ದರು.

"ಅಲ್ಲಿ ದೋಣ್ಯಾಗ ಅವರ ಕೋಲು ಕೊಡ್ತಾರಂತ. ನನಗ ಬ್ಯಾಡ. ನಿನ್ನ ಕೈಯಿಂದ ಕಟ್ಟಿಸ್ಕೊಂಡು ಒಯ್ಯತೀನಿ. ಒಂದ ಸಲ ನನ್ನ ಕೈಯಾಗ ದೊಡ್ಡ ಮೀನು ಹಿಡದು, ಅದರ ಮಾರಿ ನೋಡಿ, ಬಿಡಬೇಕು ಹುಲುಗಪ್ಪ." ಆಮೇಲೆ, ತಡೆದು, ಕೇಳಿದರು: "ನೀನು ಸಮುದ್ರ ನೋಡೀಯೇನು?"

ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ನಾನು ನೋಡಿರಲಿಲ್ಲ. ಹೊಸಪೇಟೆ ದಾಟಿ ಎರಡು ಸಲ ಹೋದವನು, ಅದೂ ದವಾಖಾನೆಗೆ.

"ನೀರು ನೀರ ಅಲ್ಲೇನ್ರಿ ಸಾವ್ಕಾರ್ರ" ಅಂದೆ. "ಉಪ್ಪಿದ್ರೂ ಮೀನು ಮೀನ. ನೀವು ಹೋಗಿ ಬರ್ರಿ, ಕೋಲಿನ ಚಿಂತಿ ನನಗ ಬಿಡ್ರಿ."

ಅವರು ಕೇಳಿದ್ದಕ್ಕೆ ಅದು ಉತ್ತರವಲ್ಲ ಎಂದು ಅವರಿಗೆ ಹೊಳೆಯಲಿಲ್ಲ. ನನಗೆ ಹೊಳೆದಿತ್ತು.

ಹದಿನೈದು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಮಂಗಳೂರಿನ ಒಂದು ಅಂಗಡಿಯ ನಂಬರು ಹುಡುಕಿ ಫೋನು ಮಾಡಿದೆ. ಅವರು ಪುಣ್ಯಾತ್ಮರು, ಗುರುತಿಲ್ಲದವನಿಗೆ ಅರ್ಧ ಗಂಟೆ ಹೇಳಿದರು. ಕೋಲು ಏಳು ಅಡಿಯೊಳಗಿರಲಿ, ಬುಡ ಗಟ್ಟಿ ಇರಲಿ. ರೀಲು ಉಪ್ಪುನೀರಿಗೆ ತಡೆಯುವಂಥದ್ದು. ತಂಗೂಸಿ ಬದಲು ಹೆಣೆದ ದಾರ, ಮುನ್ನೂರು ಮೀಟರು. ಗಾಳದ ಹತ್ತಿರ ಒಂದು ಮೊಳ ಉಕ್ಕಿನ ತಂತಿ, ಸಮುದ್ರದ ಮೀನಿನ ಹಲ್ಲು ದಾರ ಕಡಿಯುತ್ತದೆ. ಮಾಮೂಲಿ ಗಾಳ ಬೇಡ, ಒಂದೇ ದಿನಕ್ಕೆ ತುಕ್ಕು ಹಿಡಿಯುತ್ತದೆ, ಕಲಾಯಿ ಹಾಕಿದ್ದು ತೆಗೆದುಕೊಳ್ಳಿ. ಎಲ್ಲ ಬರೆದುಕೊಂಡೆ. ಫೋನು ಇಡುವ ಮೊದಲು ಅವರು ಅಂದ ಮಾತು ಈಗಲೂ ಕಿವಿಯಲ್ಲಿದೆ.

"ಬ್ರೇಕ್ ಮಾತ್ರ ಮುಟ್ಲಿಕ್ಕೆ ಹೋಗ್ಬೇಡಿ ಮಾರಾಯ್ರೇ. ದೊಡ್ಡ ಮೀನನ್ನು ಓಡ್ಲಿಕ್ಕೆ ಬಿಡ್ಬೇಕು. ಓಡಿ ಓಡಿ ಅದೇ ಸುಸ್ತಾಗ್ತದೆ."

ಇದನ್ನು ನಾನು ಬರೆದುಕೊಳ್ಳಲಿಲ್ಲ. ಓಡಲು ಬಿಡಬೇಕಂತೆ! ಇವರು ಹಿನ್ನೀರಲ್ಲಿ ಒಂದು ಬಾಳೆಮೀನು ಹಿಡಿದು ನೋಡಲಿ, ಅಂದುಕೊಂಡೆ.

ಸಾಮಾನು ಬಂತು. ಒಂದೊಂದನ್ನೂ ಕಣ್ಣಿಗೆ ಹಿಡಿದು ನೋಡಿದೆ. ಕೋಲಿನ ಮೇಲೆ ದಾರ ಹಾಯುವ ಬಳೆಗಳಲ್ಲಿ ಹತ್ತಿ ಎಳೆದು ಎಲ್ಲಾದರೂ ಸಿಕ್ಕುತ್ತದೋ ಪರೀಕ್ಷೆ ಮಾಡಿದೆ. ಅಂಗಳದ ಬೇವಿನ ಮರಕ್ಕೆ ಗಾಳ ಸಿಕ್ಕಿಸಿ ಜಗ್ಗಿದೆ. ಹೊಸ ರೀಲು ಕಿರ್ರನೆ ದಾರ ಬಿಟ್ಟಿತು. ಆ ಸದ್ದು ನನಗೆ ಸಹಿಸಲಾಗಲಿಲ್ಲ. ನನ್ನ ಅಂಗಡಿಯ ರೀಲು ದಾರ ಬಿಡುವುದೇ? ಸೈಕಲ್ ಟ್ಯೂಬು, ಕತ್ತರಿ ತೆಗೆದುಕೊಂಡು ಕೂತೆ.

ಹೆಂಡತಿ ಹನುಮಕ್ಕ ಅಕ್ಕಿ ಆರಿಸುತ್ತ ನೋಡುತ್ತಿದ್ದಳು.

"ಅದನ್ನ್ಯಾಕ ಬಿಚ್ಚಿದ್ರಿ? ಹೊಸಾದು ಐತಲ್ಲ."

"ಬಿಗಿ ಹಾಕ್ತೀನಿ."

"ಮಂಗ್ಳೂರಿನೋರು ಏನಂದ್ರು?"

"ಅವರಿಗೇನ್ ಗೊತ್ತೈತಿ?"

"ಹೌದ್ರಿ. ಸಮುದ್ರದ ದಂಡಿಮ್ಯಾಗ ಇರೋರಿಗೆ ಗೊತ್ತಿಲ್ಲ. ಹಗರಿ ಹಳ್ಳ ದಾಟಿ ಹೋಗದೋರಿಗೆ ಗೊತ್ತೈತಿ."

ತೆಳು ಟ್ಯೂಬಿನ ವಾಷರ್ ಸಾಕಿತ್ತು. ಸಿಟ್ಟಿಗೆ ದಪ್ಪ ಟ್ಯೂಬಿನದು ಹಾಕಿದೆ. ಮೂರು ಕಚ್ಚು ಹಾಕಿದೆ. ಮತ್ತೆ ಬೇವಿನ ಮರಕ್ಕೆ ಕಟ್ಟಿ ಜಗ್ಗಿದೆ. ಟೊಂಗೆ ಬಾಗಿತು, ರೀಲು ಉಸಿರೆತ್ತಲಿಲ್ಲ. ಸಾವ್ಕಾರರು ಬಂದಾಗ ಅದನ್ನೇ ಮಾಡಿ ತೋರಿಸಿದೆ. ಅವರು ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ಬೀಜದ ಚೀಲ ತೂಗುವಂತೆ ತೂಗಿ ನೋಡಿ ನಕ್ಕರು. ಉದ್ದ ಚೀಲದಲ್ಲಿ ಹಾಕಿಕೊಂಡು ಹೋದರು. ಮನೆಯಲ್ಲಿ ಅದು ಕಂಪನಿಯವರ ಬ್ಯಾನರ್ ಕೋಲು ಎಂದು ಹೇಳಿದ್ದರಂತೆ.

ಎರಡು ವಾರದ ಮೇಲೆ ಬಂದರು. ಬಲಗೈಗೆ ಮಣಿಕಟ್ಟಿನವರೆಗೆ ಪಟ್ಟಿ. ಅಂಗಡಿಯಲ್ಲಿ ಯಂಕೋಬಿ ಇದ್ದ, ಹಡಗಲಿ ಕಡೆಯ ಮೂರು ಜನ ಇದ್ದರು. ಸಾವ್ಕಾರರು ಚೀಲವನ್ನು ಮೆಲ್ಲಗೆ ಕಟ್ಟೆಯ ಮೇಲೆ ಇಟ್ಟರು. ಬಾಯಿ ತೆರೆದಿದ್ದ ಚೀಲದಿಂದ ಮುರಿದ ಕೋಲಿನ ತುಂಡು ಕಾಣುತ್ತಿತ್ತು.

"ಏನಾತ್ರಿ ಸಾವ್ಕಾರ್ರ?" ಯಂಕೋಬಿ ಎದ್ದು ನಿಂತ.

"ಕಚ್ಚಿತಪ್ಪ ಒಂದು. ದೊಡ್ಡದು. ಓಡ್ತು. ದಾರ ಬಿಡಲೇ ಇಲ್ಲ. ಕೋಲು ದೋಣಿ ಅಂಚಿಗೆ ಬಿದ್ದು ಲಟಕ್ಕಂತು. ರೀಲು ಬಿಡಿಸಾಕ ಕೈ ಹಾಕಿದೆ, ದಾರ ಬೆರಳಿಗೆ ಸುತ್ತಿಕೊಂತು. ಎಲುಬು ತನಕ ಕೊಯ್ದೈತಿ. ಒಳಗಿನ ನರ ಹೋಗ್ಯಾವಂತ."

'ದಾರ ಬಿಡಲೇ ಇಲ್ಲ' ಅನ್ನುವಾಗ ಅವರು ನನ್ನನ್ನು ನೋಡಿದರು. ಗದರಿಸುವ ನೋಟವಲ್ಲ. ನಾನು ಏನಾದರೂ ಹೇಳಲಿ ಎಂದು ಜಾಗ ಬಿಟ್ಟು ಕೂತಂತಿತ್ತು.

ಆ ಕ್ಷಣವೇ ನನಗೆ ಗೊತ್ತಾಯಿತು. ಸಮುದ್ರದಲ್ಲಿ ಬೊಡ್ಡೆ ಇಲ್ಲ, ಗೋಡೆ ಇಲ್ಲ. ಓಡಲು ಬಿಡಬಹುದಿತ್ತು. ಬಿಡಲೇಬೇಕಿತ್ತು. ಆದರೆ ಹಡಗಲಿಯವರು ಮೂವರು ನನ್ನ ಬಾಯನ್ನೇ ನೋಡುತ್ತಿದ್ದರು. ಅವರು ಬಂದದ್ದು 'ಹುಲುಗಪ್ಪನ ಬಿಗಿ' ಹಾಕಿಸಿಕೊಳ್ಳಲು.

"ಕೋಲಿನ ಮ್ಯಾಲೆ ಹೇಳಬ್ಯಾಡ್ರಿ ಸಾವ್ಕಾರ್ರ" ಅಂದೆ. "ಮೆಕ್ಕೆಜೋಳ ಎಣಿಸೋ ಕೈ ಅದು. ಸಮುದ್ರದ ಮೀನು ಹಿಡಿಯಾಕ ರಟ್ಟಿ ಬೇಕು."

ಹಡಗಲಿಯವರು ನಕ್ಕರು. ಯಂಕೋಬಿ ನಗಲಿಲ್ಲ. ಆಮೇಲೆ ಸಾವ್ಕಾರರೂ ನಕ್ಕರು.

"ಹೌದಪ್ಪ. ಅದೂ ಖರೇನ."

ಎಡಗೈಯಲ್ಲಿ ಚೀಲ ಎತ್ತಿ ತಾವೇ ಸ್ಟೂಲು ಹತ್ತಿ ಅಟ್ಟದ ಮೇಲೆ ಇಟ್ಟರು. "ಇಲ್ಲೇ ಇರ್ಲಿ ಹುಲುಗಪ್ಪ. ಪುರಸೊತ್ತಾದಾಗ ಒಂದೀಟು ನೋಡು" ಅಂದು ಹೋದರು. ಮನೆಯಲ್ಲಿ ಬೆರಳು ಹೋಟೆಲಿನ ಬಾಗಿಲಿಗೆ ಸಿಕ್ಕಿತು ಎಂದು ಹೇಳಿದ್ದಾರೆಂದು ಆಮೇಲೆ ಯಂಕೋಬಿ ಹೇಳಿದ. ಅವರು ಮತ್ತೆ ಅಂಗಡಿಗೆ ಬರಲಿಲ್ಲ.

ನಾನು ಚೀಲ ತೆಗೆಯಲಿಲ್ಲ. ಇವತ್ತು ನಾಳೆ ಅನ್ನುತ್ತ ವರ್ಷಗಳೇ ಹೋದವು. ಅಟ್ಟದಿಂದ ಏನಾದರೂ ಬೇಕಾದರೆ ಆ ಕಡೆ ಕೈ ಹಾಕದೆ ತೆಗೆಯುತ್ತಿದ್ದೆ. ಕೊಟ್ಟೂರಿಗೆ ಕೆಲಸ ಬಿದ್ದರೆ ಬೇರೆಯವರನ್ನು ಕಳಿಸುತ್ತಿದ್ದೆ. ಅವರಿಗೆ ಬೆರಳು ಮಡಚುವುದಿಲ್ಲ, ಅದಕ್ಕೆ ಬರುತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ವಾಷರಿನ ಸಂಗತಿ ಅವರಿಗೆ ತಿಳಿದಿರಲಾರದು ಎಂದು ಒಂದು ಧೈರ್ಯವೂ ಇತ್ತು. ರೀಲಿನ ಹೊಟ್ಟೆಯೊಳಗಿನದು ಬೀಜದ ವ್ಯಾಪಾರಿಗೆ ಹೇಗೆ ಕಾಣಬೇಕು?

ಹೋದ ವರ್ಷ ಅಂಗಡಿ ರೇಣುಕಾಗೆ ಬಿಟ್ಟೆ. ಅವಳು ಮೊದಲು ಮಾಡಿದ ಕೆಲಸ ಅಟ್ಟ ಗುಡಿಸಿದ್ದು.

"ಮಾಮಾ, ಇದು ಯಾರದು? ರೀಲು ಭಾಳ ಛಲೋ ಐತಿ. ಬಿಚ್ಚಿ ಎಣ್ಣಿ ಹಚ್ಚಿ ಇಟ್ಟಾರ."

ಎದ್ದು ಹೋಗಿ ನೋಡಿದೆ. ರೀಲನ್ನು ಯಾರೋ ಬಲ್ಲವರು ಬಿಚ್ಚಿ, ತೊಳೆದು, ಜೋಡಿಸಿದ್ದರು. ಕೈಯಲ್ಲಿ ಎಳೆದೆ, ಕಿರ್ರನೆ ದಾರ ಬಿಟ್ಟಿತು. ಚೀಲದ ತಳದಲ್ಲಿ ಬೀಜದ ಸ್ಯಾಂಪಲ್ ಹಾಕುವ ಸಣ್ಣ ಕವರು ಇತ್ತು, ಕೊಟ್ಟೂರಿನ ಅಂಗಡಿಯದು. ಒಳಗೆ ನನ್ನ ವಾಷರ್. ಕರಿ ಟ್ಯೂಬು, ಮೂರು ಕಚ್ಚು.

ಅವರಿಗೆ ಗೊತ್ತಿತ್ತು. ಮಾಲ್ಡೀವ್ಸಿನ ದೋಣಿಯವನೇ ಬಿಚ್ಚಿ ತೋರಿಸಿರಬೇಕು. ಎಲ್ಲ ಗೊತ್ತಿದ್ದೇ ನನ್ನ ಅಂಗಡಿಗೆ ಬಂದು, ಹಡಗಲಿಯವರ ಮುಂದೆ ನಾನು ಅವರ ಕೈಯನ್ನು ಹೀಯಾಳಿಸಿದಾಗ, ಕವರು ತೆಗೆದು ಕಟ್ಟೆಯ ಮೇಲೆ ಇಡದೆ, ನಕ್ಕು ಹೋಗಿದ್ದಾರೆ.

ಮರುದಿನ ಬೆಳಿಗ್ಗೆ ಕೊಟ್ಟೂರಿನ ಬಸ್ಸು ಹತ್ತಿದೆ. ಸಾವ್ಕಾರರು ಅಂಗಡಿಯಲ್ಲಿ ತಟ್ಟೆಯ ತುಂಬ ಮೆಕ್ಕೆಜೋಳ ಹರಡಿಕೊಂಡು ಜೊಳ್ಳು ಆರಿಸುತ್ತಿದ್ದರು. ಹೆಬ್ಬೆರಳು ಮತ್ತು ನಡುಬೆರಳಿನಿಂದ. ತೋರುಬೆರಳು ಕಡ್ಡಿಯ ಹಾಗೆ ನೆಟ್ಟಗೆ ಮುಂದೆ ನಿಂತಿತ್ತು. ತಲೆ ಪೂರ್ತಿ ಬೆಳ್ಳಗಾಗಿತ್ತು. ನಾನು ಕವರನ್ನು ತಟ್ಟೆಯ ಪಕ್ಕ ಇಟ್ಟೆ.

ಅವರು ಅದನ್ನು ನೋಡಿದರು. ಆಮೇಲೆ ನನ್ನನ್ನು.

"ಈಗ ತೆಗದೇನು ಚೀಲಾನ?"

"ಹೌದ್ರಿ."

"ಮರುದಿನಾನ ತೆಗೀತಿ ಅಂದ್ಕಂಡಿದ್ದೆ. ಜನದ ಮುಂದ ಬ್ಯಾಡ, ಒಬ್ಬನ ಇದ್ದಾಗ ನೋಡ್ಲಿ, ನೋಡಿ ತಾನ ಬರ್ತಾನ ಅಂತ ಒಳಗ ಇಟ್ಟಿದ್ದೆ." ಒಂದು ಕಾಳು ಎತ್ತಿ ಆಚೆ ಹಾಕಿದರು. "ಒಂದು ತಿಂಗಳು ದಾರಿ ಕಾದೆ. ಬೆರಳಿಂದ ನನಗ ಏನೂ ಆಗಿದ್ದಿಲ್ಲೋ ಹುಲುಗಪ್ಪ. ಎಡಗೈಲೆ ಗಾಳ ಹಾಕಾಕ ಕಲೀತಿದ್ದೆ. ನೀ ಬರಲಿಲ್ಲ ನೋಡು, ಆಮ್ಯಾಲೆ ಆ ಕಡಿ ಬರಾಕ ಕಾಲ ಏಳಲಿಲ್ಲ."

ಮಂಗಳೂರಿನವರು ಬೇಡ ಅಂದದ್ದು, ಹೆಂಡತಿ ಅಂದದ್ದು, ಸಿಟ್ಟಿಗೆ ದಪ್ಪ ಟ್ಯೂಬು ಹಾಕಿದ್ದು, ಹಿಂದು ಮುಂದಾಗಿ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡರು. ತಪ್ಪಾಯಿತು ಅಂದೆ. ಆಗಲಿ ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಒಬ್ಬ ರೈತ ಬಂದು ಜೋಳದ ಬೀಜದ ಮಾತಾಡಿ ಹೋದ. ಅಷ್ಟು ಹೊತ್ತೂ ನಾನು ನಿಂತೇ ಇದ್ದೆ.

"ಅವತ್ತ ಒಂದು ಮಾತು ಕೇಳಿದ್ದೆ ನಿನ್ನ" ಅಂದರು, ರೈತ ಹೋದ ಮೇಲೆ. "ಇವತ್ತ ಕೇಳ್ತೀನಿ. ನೀನು ಸಮುದ್ರ ನೋಡೀಯೇನು?"

"ಇಲ್ರಿ ಸಾವ್ಕಾರ್ರ."

ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಬೀಜದ ಚೀಲವೊಂದನ್ನು ಕಾಲಿನಿಂದ ನನ್ನ ಕಡೆಗೆ ನೂಕಿದರು.

"ಕುಂದ್ರು. ಹೆಂಗೈತಿ ಹೇಳ್ತೀನಿ."